ರುಚಿ ಹೇಳುವಾಕಿ

ಎದಿ ಮ್ಯಾಲಿನ ಚೀಟಿ ‘ದಾನು’ ಅಂತೈತಿ.
ಮನ್ಯಾಗ ನಾ ದಾನಮ್ಮ.
ನಡುವ ಉದುರಿದ ‘ಅಮ್ಮ’ನ್ನ
ಕಂಪನಿಯವರು ಎಲ್ಲಿಟ್ಟಾರೋ ಗೊತ್ತಿಲ್ಲ.

ತಿಕೋಟಾ ದಾಟಿದ್ರ ಎರಿ ಹೊಲದ ನಡುವ
ಗಾಜಿನ ಖೋಲಿ, ಒಳಗ ತಣ್ಣನ ಗಾಳಿ.
ರಸ್ತೆದ ಆಚೆ ಮನೂಕ ಶೆಡ್ಡಿನ್ಯಾಗ
ನಮ್ಮವ್ವ ಜಾಳಗಿ ಮ್ಯಾಲ ಗೊನಿ ಹರವತಾಳ.
ಒಂದ ಮಣ್ಣು, ಎರಡು ಕೂಲಿ.
ಆಕಿ ಒಣಗಸ್ತಾಳ, ನಾ ಸುರೀತೀನಿ.

ಮಂದಿ ಮಧ್ಯಾಹ್ನದ ಮ್ಯಾಲೆ ಬರ್ತಾರ.
ಗೋಳಗುಮ್ಮಟದಾಗ ತಮ್ಮ ಹೆಸರು ಒಮ್ಮೆ ಕೂಗಿ
ಏಳು ಸಲ ತಾವ ಕೇಳಿ
ದನಿ ಬಿದ್ದು ಬರ್ತಾರ.
ಬಾರಾ ಕಮಾನದ ಫೋಟೋ ತೋರಿಸಿ
‘ಇದಕ್ಯಾಕ ಮಾಳಗಿ ಇಲ್ಲ?’ ಅಂತಾರ.
ಹಂಗ ಬಿಟ್ಟಾರ್ರೀ, ಅಂತೀನಿ.
ನನ್ನ ಕೆಲಸ ಮಾಳಗಿದಲ್ಲ, ಗ್ಲಾಸಿಂದು.

ನಾಸಿಕದ ಮೇಡಮ್ಮು ಮೂರು ದಿನ ಕಲಿಸಿದ್ಲು:
ಕಾಲು ಹಿಡಿ, ಹೊಟ್ಟಿ ಮುಟ್ಟಬ್ಯಾಡ.
ಒಂದು ಸುತ್ತು ತಿರುವು, ಮೂಗು ಹಚ್ಚು.
ಬೆರ್ರಿ ಅನ್ನು, ಚೆರ್ರಿ ಅನ್ನು, ಕಡೀಕ ಓಕ್ ಅನ್ನು.
ಓಕ್ ಅಂದ್ರ ಎಂಥಾ ಗಿಡರೀ ಅಂದೆ.
ಇಲ್ಲಿ ಬೆಳೆಯೂದಿಲ್ಲ ಅಂದ್ಲು.
ಬರಕೊಂಡೆ. ಬಾಯಿಪಾಠ ಮಾಡಿದೆ.
ಹಿಂಡುವಾಗ ಎಮ್ಮಿಗೂ ಒಪ್ಪಿಸಿದೆ.
ಪುಣ್ಯಾಕ್ಕ ಅದು ತೊರಿ ಬಿಟ್ಟಿತು.

ನೀ ಕುಡದೀಯೇನು, ಅಂತ ಕೇಳಬ್ಯಾಡ್ರಿ.
ಕೊರಳಾಗ ಲಿಂಗ ಐತಿ.
ನಾಲಿಗಿ ಮುಟ್ಟದ ರುಚಿನ್ನ
ಎರಡು ವರ್ಷದಿಂದ ನಾಲಿಗೀಲೇ ಮಾರ್ತೀನಿ.

ಮೊನ್ನೆ ಬಂದಿದ್ರು ಖಾನಾಪುರದ ಫಿಲೋಮಿನಾ ಟೀಚರು.
ಜೋಡಿ ಬಂದವರೆಲ್ಲಾ ಹೊರಗ
ಬಳ್ಳಿ ಸಾಲಿನ್ಯಾಗ ಸೆಲ್ಫಿ ತಕ್ಕೋತ.
ನಾ ಬೆರ್ರಿ ಅನ್ನೂದ್ರಾಗ ಕೈ ಎತ್ತಿದ್ರು:
‘ಆ ಜ್ವರದಾಗ ಮೂಗು ಸತ್ತು ಮೂರು ವರ್ಷಾತು ಮಗಳ.
ನನಗ ಹಾಲೂ ಒಂದ, ಹಾಗಲಕಾಯೂ ಒಂದ.
ಬೆರ್ರಿ ಬ್ಯಾಡ.
ಮುಂಜಾನೆ ಏನು ಉಂಡೀ, ಅದು ಹೇಳು.’

ಬಾಯಿಪಾಠ ಅಲ್ಲೇ ಜಾರಿ ಬಿತ್ತು.
ಹೇಳಿದೆ,
ಕಟಕ ರೊಟ್ಟಿ ಮುರದ ಸಪ್ಪಳ,
ಗುರೆಳ್ಳು ಹಿಂಡಿ, ಅದರ ನಡುವ ತೆಗ್ಗು,
ತೆಗ್ಗಿನ್ಯಾಗ ಕುಸುಬಿ ಎಣ್ಣಿ.
ಪುಂಡಿಪಲ್ಯೆದ ಹುಳಿ ಕಿವಿ ಹಿಂದ ಜುಮ್ ಅಂದದ್ದು.
ಆಯಿಯ ಕರಿಂಡಿ ಗಡಿಗಿ ಹೇಳಿದೆ:
ಎಳ್ಳಮಾಸಿ ಮುಂದ ಅಗಸಿ ಅರದು,
ಹಸಿ ಮೆಣಸಿನಕಾಯಿ, ಗಜ್ಜರಿ, ಸೌತಿಕಾಯಿ ಕೂಡಿಸಿ
ಬಾಯಿಗೆ ಅರಬಿ ಕಟ್ಟಿ ಮೂಲ್ಯಾಗ ಇಟ್ಟದ್ದು.
ಮೂರನೇ ರಾತ್ರಿ ಗಡಿಗಿ ತನ್ನಷ್ಟಕ್ಕ ತಾನ ಗುಜುಗುಜು ಅಂದದ್ದು.
‘ಮುಟ್ಟಬ್ಯಾಡ್ರೇ, ಅದು ಮಾತಾಡ್ಲಿಕತ್ತೈತಿ’
ಅಂತಿದ್ಲು ಆಯಿ.
ಹಿಂದಿನ ಸ್ಟೀಲಿನ ಟಾಕಿಗೆ ಕಿವಿ ಹಚ್ರಿ ಟೀಚರ,
ಅದ ಮಾತು.

ಡೋಣಿ ನೀರಿನ ಉಪ್ಪೂ ಹೇಳಿದೆ.
ಬ್ಯಾಸಗ್ಯಾಗ ಎರಿ ಹೊಲ ಬಿರತಾವಲ್ಲ,
ಆ ಬಿರುಕಿನ್ಯಾಗ ಬಿದ್ದು
ಇವತ್ತಿನ ತನಕ ಸಿಗದ ನನ್ನ ಒಂದು ಕಾಲಗೆಜ್ಜಿ,
ಅದನ್ನೂ ಹೇಳಿದೆ, ಯಾಕೋ.

ಟೀಚರು ಗುಟುಕು ಬಾಯಾಗ ಹಿಡದ ಕುಂತಿದ್ರು.
ಭಾಳ ಹೊತ್ತು ನುಂಗಲಿಲ್ಲ.
ಆಮ್ಯಾಲೆ ಅಂದ್ರು:
‘ಗೆಜ್ಜಿ ಬಂತು.
ಹಿಂಡಿ ಇನ್ನೂ ಬಂದಿಲ್ಲ.
ಇನ್ನೊಂದು ಹನಿ ಹಾಕು.’

ಮ್ಯಾನೇಜರು ಬೈದ್ರು, ಬಿಡ್ರಿ.
ಕರಿಂಡಿ ಪುಸ್ತಕದಾಗ ಇಲ್ಲಂತ.

ಮುಚ್ಚೂ ಹೊತ್ತಿಗೆ ಗ್ಲಾಸು ತೊಳದು
ಬಿಳಿ ಅರಬಿ ಮ್ಯಾಲ ಬೋರಲ ಹಾಕಿದೆ.
ಕಾಲು ಮ್ಯಾಲಾದ ಹನ್ನೆರಡು ಸಣ್ಣ ಗುಮ್ಮಟ.
ಯಾರೂ ಇಲ್ಲಂತ ನೋಡಿ ಒಂದನ್ನ ಎತ್ತಿ
ಅಂಚಿಗೆ ಬಾಯಿ ಹಚ್ಚಿದೆ, ಕುಡ್ಯಾಕಲ್ಲ,
‘ದಾನಮ್ಮ’ ಅಂದೆ.
ಏಳು ಸಲ ಎಲ್ಲಿಂದ? ಒಂದ ಸಲ ಅಂತು.
ಪೂರಾ ಅಂತು.

ಅವ್ವ ಗೇಟಿನ ಹತ್ರ ನಿಂತಿದ್ಲು.
ಉಡಿಯಾಗ ಒಡದ ಮನೂಕ, ಯಾಪಾರಿ ಒಲ್ಲೆಂದದ್ದು.
ಬಸ್ಸಿನ್ಯಾಗ ತಿನಕೋತ ಹ್ವಾದ್ವಿ.