ಹುಟ್ಟಿದ ಪ್ರಾಂತ್ಯ

ಕಾ ನಾ ಕಚೇರಿಯ ಕಿಟಕಿಯಾಚೆ
ಬೆಟ್ಟ ಸಮುದ್ರಕ್ಕೆ ಹೆಗಲು ತಾಗಿಸಿ ನಿಂತಿದೆ.
ನಡುವೆ ಉಳಿದ ಗೇಣಗಲದಲ್ಲಿ
ಒಂದು ರೈಲು, ಒಂದು ಹೆದ್ದಾರಿ,
ಮತ್ತೆ ಉಪ್ಪಿನ ಮಡಿಗಳು.
ಮೋಡಗಳು ಬೆಟ್ಟದ ಆ ಕಡೆಯೇ ಸುರಿದು
ಕೈ ತೊಳೆದುಕೊಳ್ಳುತ್ತವೆ.
ಈ ಕಡೆ ಇಳಿಯುವುದು ಗಾಳಿ ಮಾತ್ರ.

ಹ್ವಿನ್ ಥಿ ಸುವೊಂಗ್ ಬಂದಳು,
ರಬ್ಬರ್ ಬೂಟು ಬಾಗಿಲಲ್ಲೇ ಕಳಚಿಟ್ಟು.
ಸುವೊಂಗ್ ಎಂದರೆ ಇಬ್ಬನಿ.
ಐವತ್ತೈದು ವರ್ಷದ ಇಬ್ಬನಿ, ಇನ್ನೂ ಆರಿಲ್ಲ.

ಹುಟ್ಟಿದ ಪ್ರಾಂತ್ಯ? ಕೇಳಿದೆ.
"ನಿನ್ ಥುವಾನ್.
ಶಾಲೆಗೆ ಹೋಗುವಾಗ ಥುವಾನ್ ಹಾಯ್ ಆಗಿತ್ತು.
ಮದುವೆಯ ವರ್ಷ ಮತ್ತೆ ನಿನ್ ಥುವಾನ್.
ಈಗ ಖಾನ್ ಹ್ವಾ ಅಂತೀರಿ.
ನಾನು ಬದುವಿನಿಂದ ಇಳಿದೇ ಇಲ್ಲ ಮಗಾ,
ಊರೇ ನನ್ನ ಕಾಲಡಿ ಓಡಾಡಿಕೊಂಡಿದೆ."

ಪಕ್ಕದ ಮೇಜಿನ ಥಾಪ್ ಲಿಯೆನ್, ಚಾಮ್ ಹುಡುಗಿ, ನಕ್ಕಳು:
"ನಿಮ್ಮದು ಮೂರೇ ಹೆಸರು ಅಕ್ಕಾ.
ನಮ್ಮ ಹಿರಿಯರು ಇದನ್ನು ಪಾಂಡುರಂಗ ಅಂದರು.
ನಾಲಿಗೆಯಿಂದ ನಾಲಿಗೆಗೆ ಸವೆದು, ಅಂಚು ಮುರಿದು
ಫಾನ್ ರಾಂಗ್ ಅಂತ ಇಷ್ಟು ಉಳಿದಿದೆ."
ಅಣೆ ಕಟ್ಟಿದ ರಾಜನನ್ನೇ ದೇವರಾಗಿಸಿ
ಇಟ್ಟಿಗೆಯ ಗೋಪುರದಲ್ಲಿ ಕೂರಿಸಿದ ಜನ ಅವಳದು.
ನೀರಿಲ್ಲದ ನಾಡು
ಇನ್ನಾರಿಗೆ ಕೈ ಮುಗಿದೀತು?

ಕಸುಬು ಕೇಳಲಿಲ್ಲ. ಬೂಟೇ ಹೇಳುತ್ತಿತ್ತು.
ಆದಾಯದ ಅಂಕಣಕ್ಕೆ ಬಂದಾಗ ಅವಳೇ ಕೇಳಿದಳು:
"ಯಾವ ವಾರದ್ದು ಬರೆಯುತ್ತೀ?"
ಹತ್ತು ದಿನ ನೀರನ್ನು ಮಡಿಯಿಂದ ಮಡಿಗೆ
ಕರುವಿನ ಹಾಗೆ ನಡೆಸಿ ತಂದು,
ಬಿಳಿ ಹೂ ಕಟ್ಟುವ ಮುಂಜಾನೆ
ಒಂದು ಅಕಾಲದ ಮಳೆ,
ಅಷ್ಟೂ ಮತ್ತೆ ಸಮುದ್ರ.
ಸೌರಫಲಕಗಳ ನೆರಳಲ್ಲಿ ಕುರಿ ಮೇಯಿಸುವ ತಮ್ಮ ಮಳೆ ಬೇಡುತ್ತಾನೆ,
ಅಕ್ಕ ಬೇಡವೆನ್ನುತ್ತಾಳೆ.
ಟೆಟ್ ಹಬ್ಬಕ್ಕೆ ಇಬ್ಬರೂ ಅಪ್ಪನ ಪಟದ ಮುಂದೆ
ಊದುಬತ್ತಿ ಹಚ್ಚುತ್ತಾರೆ.
ಸತ್ತ ಮೇಲೂ ಪಾಪ
ಯಾರ ಮಾತು ಕೇಳಬೇಕು ಅವನು?
"ಗಾಳಿಗೂ ಈಗ ದರವಿದೆಯಂತೆ," ಗುಡ್ಡದ ಮೇಲೆ ತಿರುಗುವ
ಬಿಳಿ ರೆಕ್ಕೆಗಳ ಕಡೆ ಗದ್ದ ತೋರಿಸಿದಳು,
"ನನ್ನ ಉಪ್ಪಿಗಿಂತ ಜಾಸ್ತಿ."

ಕೊನೆಗೆ ಹೆಬ್ಬೆರಳು.
ಯಂತ್ರ ಕೆಂಪು ದೀಪ ಹಚ್ಚಿತು.
ಒರೆಸಿ ಒತ್ತಿದಳು. ಮತ್ತೆ ಕೆಂಪು.
ನಲವತ್ತು ವರ್ಷದ ಗೋರುಮಣೆ
ಗೆರೆಗಳನ್ನೆಲ್ಲ ನುಂಗಿ
ಹೊಳೆಗಲ್ಲಿನ ಹಾಗೆ ನುಣ್ಣಗೆ ಮಾಡಿತ್ತು.
"ಬೇರೆ ಬೆರಳು ನೋಡು."
ನೋಡಿದೆವು, ಒಂದೊಂದಾಗಿ.
ಲಿಯೆನ್ ಎದ್ದು ಬಂದು ಉಸಿರು ಬಿಗಿಹಿಡಿದು ನಿಂತಳು.
ಹತ್ತನೆಯದಕ್ಕೆ, ಎಡಗೈ ಕಿರುಬೆರಳಿಗೆ,
ಹಸಿರು.

ಬೂಟಿಗೆ ಕಾಲು ತೂರಿಸುತ್ತ
ಆ ಬೆರಳನ್ನೆತ್ತಿ ತೋರಿಸಿದಳು:
"ನೋಡ್ರಪ್ಪ, ಇಷ್ಟು
ನಿಮ್ಮ ಹೊಸ ಪ್ರಾಂತ್ಯಕ್ಕೆ."