ಬಾಜೂ ಊರಿನ ಬಾಟ್ಲಿ

ಗಣಪತಸಾ ಬಾಕಳೆ ಅಂಗಡ್ಯಾಗ
ತೆಳಗಿನ ಕಪಾಟು ನೋಡಬೇಕಂದ್ರ ಮೊಣಕಾಲೂರಬೇಕು.
ಮ್ಯಾಲಿನ ಸಾಲಿಗೆ ಹೆಸರು ಐತಿ, ಲೈಟು ಐತಿ,
ಬೆಲಿ ಕೇಳಿದ್ರ ಬೆವರು ಬರತೈತಿ.
ತೆಳಗ ಬರೇ ಧೂಳ.

ಧೂಳ ನನಗ ಹೊಸದಲ್ಲ.
ಮೂವತ್ತೊಂದು ವರ್ಷ ಬ್ಯಾಡಗಿ ಮಾರ್ಕೆಟ್ಟಿನ್ಯಾಗ
ಮೆಣಸಿನಕಾಯಿ ಧೂಳ ಕುಡದು ಸೀನಿದಾವ ನಾನು,
ಸೋಮವಾರ, ಗುರುವಾರ,
ಚೀಲಕ್ಕ ಕೈ ಹಾಕಿ, ಒಂದು ಮುರದು, ಮೂಸಿ,
ಕಣ್ಣು ಮುಚ್ಚಿ ಬೆಲಿ ಹೇಳಾವ.

ಈ ಚಟ ಹಚ್ಚಿದಾವ ಒಬ್ಬ ಫ್ರಾನ್ಸಿನಾವ.
ಲಿಪ್‌ಸ್ಟಿಕ್ಕಿಗೆ ನಮ್ಮ ಕೆಂಪು ಬೇಕಂತ
ಬಣ್ಣ ತಗಿಯೋ ಫ್ಯಾಕ್ಟರಿಗೆ ಬಂದಿದ್ದ.
ಹೆಸರು ಎತಿಯೆನ್. ಹಮಾಲರ ಬಾಯಾಗ ಎತ್ತೆಣ್ಣ.
ನಾಕು ದಿನ ಚೀಲ ನೋಡಿದ. ಐದನೇ ದಿನ ಕೇಳಿದ,
ಅರ್ಧ ಇಂಗ್ಲಿಷು, ಅರ್ಧ ಕೈಸನ್ನಿ:
‘ಎಲ್ಲಾದಕ್ಕೂ ಬ್ಯಾಡಗಿ ಅಂತೀರಿ,
ಇಲ್ಲಿ ಹೊಲಾನ ಕಾಣವಲ್ಲವಲ್ಲ?’

ಹಿಂಗ ಕೇಳಾವನ ಮುಂದ ಸುಳ್ಳು ಹೇಳಬಾರದು.
ಕುಂದಗೋಳದ ಎರಿಹೊಲಕ್ಕ ಕರಕೊಂಡು ಹ್ವಾದೆ.
‘ಬೆಳೆಯೂದು ಇಲ್ಲಿ. ಹೆಸರು ಅಷ್ಟ ಪ್ಯಾಟೀದು.’
ಅವ ಅಲ್ಲೇ ಬದುವಿನ ಮ್ಯಾಲ ಕುಂತ.
ಕುಂತಾವ ಹತ್ತಿಕಟಿಗಿಲೆ ಮಣ್ಣಾಗ ಗೀಟು ಕೊರದ:

ಇದು ಬರ್ಗಂಡಿ. ಇದು ಗುಡ್ಡ.
ಈ ಮಗ್ಗಲ ಪುಲಿನ್ಯಿ, ಅತ್ತಾಗ ಮರ್ಸೋ.
ಇಲ್ಲಿಯ ಬಿಳಿ ವೈನು, ಒಂದ ಬಾಟ್ಲಿ,
ನಿಮ್ಮ ಹಮಾಲಂದು ಮೂರು ತಿಂಗಳ ಪಗಾರ.
ಗುಡ್ಡದ ಹಿಂದ ಸೇಂಟ್ ಓಬಾಂ.
ದ್ರಾಕ್ಷಿ ಅದ. ಸುಣ್ಣಗಲ್ಲು ಅದ.
ಬಿಸಿಲು ಒಂದೀಟು ತಡಾ ಬರತೈತಿ, ಬೆಲಿ ಅರ್ಧ.
ಇನ್ನೂ ತೆಳಗ ಇಳದ್ರ ಮಾಕೋಂ,
ಅದರ ಬಾಜೂಕ ಸೇಂಟ್ ವೆರಾಂ.
‘ಮನ್ಯಾಗ ನಾವು ಕುಡಿಯೂದು ಅದನ್ನ,’ ಅಂದ.
‘ದೊಡ್ಡ ಹೆಸರಿಂದು ಬೀಗರು ಬಂದಾಗ.’

ಬೀಗರು ಅನ್ನೂ ಶಬ್ದಾ ನಂದು. ಅವ ಏನಂದ್ನೋ.

ಗೀಟು ಮುಂದಿನ ಮಳಿಗೆ ಹ್ವಾತು, ನನ್ನ ತಲ್ಯಾಗ ಉಳೀತು.
ಹಲ್ಲಿನ ಡಾಕ್ಟರಿಗಂತ, ಕೋರ್ಟಿನ ತಾರೀಖಿಗಂತ
ಹುಬ್ಬಳ್ಳಿಗೆ ಹ್ವಾದಾಗೊಮ್ಮೆ ಮೊಣಕಾಲೂರಿದೆ.
‘ಧಣ್ಯಾರ, ಏನ್ ಕಳಕೊಂಡೀರಿ?’ ಅಂತಾನ ಗಣಪತಸಾ.
ನಾಕನೇ ವರ್ಷ ಸಿಕ್ಕಿತು, ಎರಡ ಬಾಟ್ಲಿ.
ಯಾವದೋ ಹೋಟೆಲಿನವರು ತರಿಸಿ ಬ್ಯಾಡಂದಿದ್ರಂತ.
ಬೆಲಿ ಮ್ಯಾಲ ಕೆಂಪು ಪೆನ್ನಿನ ಗೀಟು, ಅದರ ಮ್ಯಾಲ ಮತ್ತೊಂದು.
ಚೀಲಾ ಆಗಿದ್ರ ಹರದು ಮೂಸತಿದ್ದೆ.
ಇಲ್ಲಿ ಬಿರಡಿ. ಬರೇ ಚೀಟಿ ನಂಬಿ ರೊಕ್ಕಾ ಎಣಿಸಬೇಕು.
ಜೀವನದಾಗ ಮೊದಲ ಸಲ ರೈತನಂಗ ನಿಂತೆ.

ಒಂದು ತಂದೆ. ಮನ್ಯಾಗ ಕಮಲಾಕ್ಷಿ ಲಿಂಗಪೂಜಿ ಮಾಡಾಕಿ,
ಅಲ್ಲಿಗೆ ಒಯ್ಯೂ ಹಂಗಿಲ್ಲ.
ಕೋಲ್ಡ್ ಸ್ಟೋರೇಜಿನ್ಯಾಗ ಡಬ್ಬಿ ಮಾಲಿನ ಹಿಂದ ಇಟ್ಟೆ.
ವಾಚ್‌ಮನ್ ನನ್ನೇಸಾಬ ದಿನಾ ಹೇಳತಿದ್ದ:
‘ಸಾವ್ಕಾರ್ರ, ನಿಮ್ಮ ಬಿಳೀದು ಕೆಂಪಾಗಾಕತ್ತೇತಿ.’
ಚೀಟಿ ಅಷ್ಟ. ಧೂಳಿಗೆ.

ತಗದದ್ದು ಒಂದು ಬುಧವಾರ ಸಂಜಿಕ,
ಸ್ಟೀಲಿನ ಲೋಟ, ಪೇಪರಿನ್ಯಾಗ ಗಿರಮಿಟ್ಟು.
ಸೇಬಿನ ವಾಸನಿ ಅಂದಿದ್ದ ಎತ್ತೆಣ್ಣ.
ನಾ ಸೇಬಿನ ಊರಾವಲ್ಲ.
ನನಗ ಬಂದದ್ದು ಕವಳಿಕಾಯಿ,
ನಿಂಬಿಹಣ್ಣು ಹೆಚ್ಚಿ ತೊಳೀದ ಇಟ್ಟ ಈಳಿಗಿ,
ಸುಣ್ಣಾ ಹಚ್ಚಿದ ಗ್ವಾಡಿಗೆ ಮೊದಲ ಹನಿ ಬಿದ್ದಾಗಿನ ಉಸರು.
ಕಡೀಕ ಸಣ್ಣಗ ಕಹಿ. ನನಗಿಂತಾ ಮೊದಲ
ಹುಬ್ಬಳ್ಳಿ ಬ್ಯಾಸಿಗಿ ಎರಡು ಗುಟುಕು ಕುಡದಿತ್ತು ಅದನ್ನ.
ಆದ್ರೂ ಕೊಟ್ಟ ರೊಕ್ಕಕ್ಕ ಮೋಸಿಲ್ಲ.
ನನ್ನೇಸಾಬ ಮೂಸಿದ, ಸೀನಿದ, ಗಿರಮಿಟ್ಟು ಮುಗಿಸಿದ.

ಮರುದಿನ ಗುರುವಾರ. ಕುಂದಗೋಳದಿಂದ ಒಬ್ಬ ಹುಡುಗ,
ಹದಿನೆಂಟು ಚೀಲ, ಒಂದರ ಮ್ಯಾಲೂ ಹೆಸರಿಲ್ಲ.
ಮುರದೆ. ಮೂಸಿದೆ. ಎದಿ ಝಲ್ಲಂತು, ಅಂಥಾ ಮಾಲು.
ಬೆಲಿ ಮಾತ್ರ ದಿನದ್ದ ಹೇಳಿದೆ.
ಅವ ಹೂಂ ಅಂದ.

ಶನಿವಾರ ಗಣಪತಸಾನ ಅಂಗಡಿಗೆ ಹ್ವಾದೆ.
ಕಿಸೆದಾಗ ರೊಕ್ಕಾ ಕಡಿಮಿ ಇತ್ತು.
ಎರಡನೇದು ಅಲ್ಲೇ ಐತಿ, ರಮ್ಮಿನ ಹಿಂದ,
ಯಾರಿಗೂ ಹೆಸರು ಕಾಣಬಾರದಂತ
ಚೀಟಿ ಗ್ವಾಡಿ ಕಡೆ ತಿರುವಿ ಬಂದೀನಿ.