ಷರಾ

ಇಲಾಖೆಯಿಂದ ನಮೂನೆ ಬಂದಿದೆ, ನಾಳೆ ಐದರೊಳಗೆ ಮುಟ್ಟಿಸಬೇಕು.
ಪ್ರತಿಭಾನ್ವಿತ ಮಕ್ಕಳ ಶನಿವಾರದ ತರಗತಿ:
ಎದುರು ಕೂತು, ದೂರದಿಂದ,
ಯಾವುದು ಹೆಚ್ಚು ಫಲಕಾರಿ? ಒಂದಕ್ಕೆ ಮಾತ್ರ ಗುರುತು ಹಾಕಿ.
ಕೊನೆಗೆ ಷರಾ ಅಂತ ಎರಡು ಬೆರಳಗಲ ಜಾಗ.

ಮೊದಲ ವರ್ಷ ಹಾಜರಿಯಲ್ಲಿ ಹದಿನೈದು ಹೆಸರು,
ತಾಲೂಕಿನ ಸರಕಾರಿ ಶಾಲೆಗಳಿಂದ ಪರೀಕ್ಷೆ ಬರೆದು ಆಯ್ದು ಬಂದವರು.
ಬಂದವರು ಹದಿನಾಲ್ಕು.
ಕಾರವಾರದ ಹಳೇ ಶಾಲೆಯ ಕಡೇ ಕೋಣೆ,
ಕಿಟಕಿ ತೆಗೆದರೆ ಒಣಮೀನಿನ ವಾಸನೆ, ಮುಚ್ಚಿದರೆ ಬಾವಲಿಯದು.
ಹದಿನೈದನೆಯದರ ಮುಂದೆ ಗೈರು, ಗೈರು, ಗೈರು,
ದೀಪಾವಳಿ ಕಳೆದ ಮೇಲೆ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ.

ಕೈಕುಲುಕುವ ಲೆಕ್ಕ ಕೊಟ್ಟಿದ್ದೆ ಆಗ:
ಎಲ್ಲರೂ ಎಲ್ಲರ ಕೈಯನ್ನು ಒಮ್ಮೊಮ್ಮೆ ಕುಲುಕಿದರೆ ಒಟ್ಟು ಎಷ್ಟು?
ಸೂತ್ರ ಹೇಳಲಿಲ್ಲ. ಎದ್ದರು,
ಬೆಂಚು ಸರಿಸಿ ಕೈ ಹಿಡಿದು ಎಣಿಸತೊಡಗಿದರು.
ಮಾಜಾಳಿಯ ಹುಡುಗಿ ನಾಚಿ ಕೈ ಬದಲು ಸ್ಕೇಲು ಚಾಚಿದಳು,
ಅದು ಲೆಕ್ಕಕ್ಕೆ ಉಂಟೋ ಇಲ್ಲವೋ ಎಂದು ಕಾಲು ಗಂಟೆ ಜಗಳ.
ಎಂಬತ್ತೇಳು ಅಂದರು, ತೊಂಬತ್ತಾರು ಅಂದರು.
ಕೋಡಿಬಾಗದ ಇನಾಸ ಪಕ್ಕದವನ ಪಟ್ಟಿಯ ಅಂಚಿನಲ್ಲಿ,
ತನ್ನದರಲ್ಲಿ ಅವನೆಂದೂ ಬರೆದವನಲ್ಲ,
ಹದಿನಾಲ್ಕು ಚುಕ್ಕಿಯಿಟ್ಟು ಗೆರೆ ಎಳೆಯುತ್ತ ಹೋದ. ಬಲೆಯಾಯಿತು.
ತೊಂಬತ್ತೊಂದು.
ನಾನು ಮಾಡಿದ್ದಿಷ್ಟೇ: ಅವನ ಪೆನ್ಸಿಲು ನಿಂತಲ್ಲಿ ನಾನೂ ನಿಂತೆ,
ಅದು ಹೊರಟಾಗ ಮುಂದಿನ ಬೆಂಚಿಗೆ ಹೋದೆ.

ಮರುವರ್ಷ ಬಸ್ಸಿನ ಭತ್ಯೆ ನಿಂತಿತು, ತರಗತಿ ಫೋನಿಗೆ ಬಂತು.
ಇನಾಸನ ಹೆಸರು ಪರದೆಯಲ್ಲಿ ಮೂಡಿದ್ದು ಒಂದೇ ದಿನ.
ಮುಖವಿಲ್ಲ, ಇಂಜಿನ್ನಿನ ಸದ್ದು, ಗಾಳಿ,
ಆಮೇಲೆ ಬೈತಖೋಲದ ಬೋಟಿನಿಂದ ಅವನಪ್ಪ:
'ಅಕ್ಕೋರೆ, ಹುಡ್ಗ ಮನೇಲಿದ್ದ, ಫೋನು ನನ್ನ ಸಂಗ್ತಿ ದರ್ಯಾದಲ್ಲದೆ.'
ಮಕ್ಕಳೆಲ್ಲ ನಕ್ಕರು. ನಾನೂ.
ಆಮೇಲಿನ ಶನಿವಾರಗಳಲ್ಲಿ ನಗುವುದಕ್ಕೂ ಏನಿರಲಿಲ್ಲ.
ಪರದೆಯಲ್ಲಿ ನನಗೆ ಹಣೆಗಳು ಕಾಣುತ್ತವೆ, ಒಮ್ಮೊಮ್ಮೆ ಫ್ಯಾನು.
ಪೆನ್ಸಿಲು ಎಲ್ಲಿ ನಿಂತಿತೋ ಯಾರಿಗೆ ಗೊತ್ತು.

ಒಂದು ದಿನ, ನೆನಪಿದೆಯೇ ನೋಡೋಣವೆಂದು,
ಅದೇ ಕೈಕುಲುಕುವ ಲೆಕ್ಕ ಮತ್ತೆ ಕೇಳಿದೆ, ಇಲ್ಲಿ ಇರುವವರದ್ದು.
ಟಪಟಪ ಬಿತ್ತು ತೊಂಬತ್ತೊಂದು, ತೊಂಬತ್ತೊಂದು,
ನಡುವೆ ಒಂದು ನೂರಾ ಐದು.
ತಪ್ಪು, ಅಂದೆ.
ಮೈಕು ತೆರೆದುಕೊಂಡಿತು. ಗೋಟೆಗಾಳಿಯ ಸೊಸೈಟಿಯ ಜಗಲಿ,
ಅಕ್ಕಿಗೆ ನಿಂತವರ ಸೀರೆ, ಲುಂಗಿ, ಚೀಲ,
ಹೆಬ್ಬೆರಳ ಯಂತ್ರಕ್ಕೆಂದು ತಂದ ನೆಟ್ಟಿನ ಪಕ್ಕ ಕೂತ ಹುಡುಗಿ.
ಯಂತ್ರ ಯಾವುದೋ ಮುದುಕಿಗೆ ಹೇಳುತ್ತಿತ್ತು, ಮತ್ತೊಮ್ಮೆ ಒತ್ತಿರಿ,
ಮತ್ತೊಮ್ಮೆ ಒತ್ತಿರಿ.
ಅದು ಮುಗಿಯಲಿ ಎಂದು ಕಾದು ಶೇವಂತಿ ವೇಳಿಪ ಹೇಳಿದಳು:
'ತಪ್ಪಲ್ಲ ಅಕ್ಕೋರೆ. ನನ್ನ ಹಿಡಿದು.'

ಕೆಂಪು ಶಾಯಿಯ ಹೆಸರು.
ಕಡೇ ಬಸ್ಸು ಮೂರೂವರೆಗೆ, ತರಗತಿ ಬಿಡುವುದು ಐದಕ್ಕೆ,
ಅಷ್ಟೇ ಕಾರಣವಂತೆ, ಕೇಳಿದ ಮೇಲೆ ಹೇಳಿದಳು.
ಒಂದು ವರ್ಷ ನಾನು ಕೇಳಿರಲಿಲ್ಲ.

ಈಗ ನಮೂನೆ ಮುಂದಿಟ್ಟುಕೊಂಡು ಕೂತಿದ್ದೇನೆ.
ಈ ಚೌಕಕ್ಕೆ ಗುರುತು ಹಾಕಿದರೆ ಅವಳು ಹೋಗುತ್ತಾಳೆ,
ಆ ಚೌಕಕ್ಕೆ ಹಾಕಿದರೆ ಇನಾಸ ಹೋದವನು ಹೋದ ಹಾಗೇ.
ಎರಡನ್ನೂ ಖಾಲಿ ಬಿಟ್ಟು ಷರಾದಲ್ಲಿ ಬರೆದೆ:
ಗೋಟೆಗಾಳಿಯ ಕಡೇ ಬಸ್ಸು ಶನಿವಾರದ ಮಟ್ಟಿಗೆ
ಐದೂವರೆಗೆ ಹೊರಡಿಸಬೇಕಾಗಿ ವಿನಂತಿ. ಬಸ್ಸು ಬಾರದ ದಿನಕ್ಕೆ
ಕೋಣೆಯ ಮೇಜಿನ ಮೇಲೊಂದು ಫೋನು, ಅವಳ ಕಡೆ ಮುಖ ಮಾಡಿ.
ಇನಾಸನ ಮನೆಗೆ

ಅಲ್ಲಿಗೆ ಎರಡು ಬೆರಳಗಲ ಮುಗಿಯಿತು.
ಕಾಗದ ಮಗುಚಿದೆ.